ನಿಲೋಫರಳ ಕಿವಿಗೊಂದು ಮುಚ್ಚಳ

ಆ ದಿನ ಮಧ್ಯಾಹ್ನ ನಿಲೋಫರ್ ಊಟಕ್ಕೆಂದು ಮಗ್ಗದ ಮುಂದಿನಿಂದ ಎದ್ದಳು. ಮಗ್ಗ ಅವಳನ್ನು ಕಿವಿ ಹಿಡಿದು ಮತ್ತೆ ಕೂಡಿಸಿತು.

ಇಯರ್‌ಫೋನಿನ ಕಪ್ಪು ವೈರು ಜಮಖಾನದೊಳಗೆ ನೇಯ್ದು ಹೋಗಿತ್ತು. ನವಿಲಿನ ಕಣ್ಣಿನ ಸಾಲು ಅದು. ಕಪ್ಪು ನೂಲು ಬೇಕಿತ್ತು. ಮಡಿಲಲ್ಲಿ ಕಪ್ಪು ನೂಲೂ ಬಿದ್ದಿತ್ತು, ಕಪ್ಪು ವೈರೂ ಬಿದ್ದಿತ್ತು. ಅದೇ ಹೊತ್ತಿಗೆ ಕಿವಿಯೊಳಗೆ ಯಾರೋ ಸಿಕ್ಸರ್ ಎತ್ತಿದ್ದ. ಕೈ ಯಾವುದನ್ನು ಹಿಡಿಯಿತೋ ಅದನ್ನೇ ಎಳೆಗಳ ನಡುವೆ ತೂರಿಸಿ, ಪಂಜಾದಿಂದ ನಾಲ್ಕು ಏಟು ಜಡಿದು ಗಟ್ಟಿ ಮಾಡಿಬಿಟ್ಟಿದ್ದಳು. ಪಂಜಾ ಅಂದರೆ ಕಬ್ಬಿಣದ ದೊಡ್ಡ ಹಣಿಗೆ. ಅದರ ಏಟು ಬಿದ್ದ ಮೇಲೆ ಏನೂ ಸುಲಭಕ್ಕೆ ಹೊರಗೆ ಬರುವುದಿಲ್ಲ.

ಅದೇ ಹಲಗೆಯ ಮೇಲೆ ಬಾಜೂಕ್ಕೆ ಕೂತಿದ್ದ ಅತ್ತೆ ಫಾತಿಮಾಬಿ ಬಗ್ಗಿ ನೋಡಿದಳು.

“ಲಗ್ನಾಗಿ ಬಂದಾಗಿಂದ ಈ ಮಗ್ಗ ನೋಡಾಕತ್ತೀನಿ. ನವಿಲಿನ ಕಣ್ಣಾಗ ಕರೆಂಟ್ ಹಾಯಿಸಿದಾಕಿನ್ನ ಇವತ್ತ ನೋಡಿದೆ. ಕತ್ರಿ ತಾ.”

“ಕತ್ತರಸಬ್ಯಾಡ್ರಿ ಅತ್ತೀ! ಇನ್ನಾ ನಾಕು ಬಾಲ್ ಅದಾವ!”

ಮುಂದಿನ ನಾಲ್ಕು ಚೆಂಡು ಮುಗಿಯುವ ತನಕ ನಿಲೋಫರ್ ಮಗ್ಗಕ್ಕೆ ಕಟ್ಟಿದ ಆಡಿನಂತೆ ಕತ್ತು ವಾಲಿಸಿಕೊಂಡು ಕೂತೇ ಇದ್ದಳು. ಅತ್ತೆ ಕತ್ತರಿ ಹಿಡಿದು ಕಾಯುತ್ತ ನಿಂತಳು. ಗದ್ದಲ ಕೇಳಿ ನಾನು ಒಳಗೆ ಹೋದಾಗ ಕಂಡದ್ದು ಈ ದೃಶ್ಯ.

ನವಲಗುಂದದಲ್ಲಿ ನಮ್ಮ ಎರಡು ಮನೆಗಳ ನಡುವೆ ಒಂದೇ ಗೋಡೆ. ಧಾರವಾಡದಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತಳಾಗಿ ನಾನು ಇಲ್ಲಿಗೆ ಬಂದಂದಿನಿಂದ ಆ ಗೋಡೆಯ ಆಚೆ ಪಂಜಾ ಸದ್ದು ಕೇಳುತ್ತಿದ್ದೇನೆ. ಅವರ ಮನೆಮಾತು ಉರ್ದು, ನನ್ನ ಜೊತೆ ಕನ್ನಡ, ಜಗಳ ಎರಡರಲ್ಲೂ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತೇನೆ.

ನಿಲೋಫರ್ ಅಣ್ಣಿಗೇರಿಯ ಹುಡುಗಿ. ಅವಳ ಅಪ್ಪ ಮಾಬುಸಾಬನಿಗೆ ಬಸ್ ನಿಲ್ದಾಣದ ಹತ್ತಿರ ಸೈಕಲ್ ರಿಪೇರಿ ಅಂಗಡಿ ಇತ್ತು. ಅಲ್ಲಿ ಪಂಕ್ಚರ್ ತಿದ್ದುವ ನೀರಿನ ಬೋಗುಣಿಯ ಪಕ್ಕದಲ್ಲಿ ರೇಡಿಯೋ ಇರುತ್ತಿತ್ತು. ಮಾಬುಸಾಬ ಕ್ರಿಕೆಟ್ ಕಾಮೆಂಟರಿ ಬಿಟ್ಟು ಬೇರೇನನ್ನೂ ಕೇಳುತ್ತಿರಲಿಲ್ಲ. ಮಗಳು ಅಪ್ಪನಿಗೆ ಚಹಾ ಒಯ್ದು ಕೊಡುವ ನೆಪದಲ್ಲಿ ಅಂಗಡಿಯಲ್ಲಿ ಕೂತು, ಚೆಂಡನ್ನು ಒಮ್ಮೆಯೂ ನೋಡದೆ ಆಟವನ್ನು ಪೂರಾ ಕಲಿತಳು. ಎಷ್ಟೋ ವರ್ಷ ಕಳೆದ ಮೇಲೆ ಟಿವಿಯಲ್ಲಿ ಮೊದಲ ಸಲ ಪಂದ್ಯ ಕಂಡಾಗ ಅವಳಿಗೆ ಬಹಳ ನಿರಾಸೆಯಾಯಿತಂತೆ.

“ಇಷ್ಟ ಸಣ್ಣ ಮೈದಾನೇನ್ರಿ? ರೇಡಿಯೋದಾಗಿಂದು ಭಾಳ ದೊಡ್ಡದಿತ್ತು.”

ಲಗ್ನವಾಗಿ ನವಲಗುಂದಕ್ಕೆ ಬಂದಾಗ ಅವಳಿಗೆ ನೂಲು ಸುತ್ತಲೂ ಬರುತ್ತಿರಲಿಲ್ಲ. ಅದು ಕೊರತೆಯೇನಲ್ಲ. ಇಲ್ಲಿಯ ಹಳೆಯ ಮನೆಗಳಲ್ಲಿ ಜಮಖಾನದ ನೇಯ್ಗೆಯನ್ನು ಮಗಳಿಗೆ ಕಲಿಸುವುದಿಲ್ಲ, ಸೊಸೆಗೆ ಕಲಿಸುತ್ತಾರೆ. ಮಗಳು ಲಗ್ನವಾಗಿ ಹೋಗುವಾಗ ವಿದ್ಯೆಯನ್ನೂ ಪರ ಊರಿಗೆ ಒಯ್ದುಬಿಡುತ್ತಾಳೆ ಎಂಬುದು ಲೆಕ್ಕ. ಫಾತಿಮಾಬಿ ಸೊಸೆಯನ್ನು ಪಕ್ಕಕ್ಕೆ ಕೂಡಿಸಿಕೊಂಡು ಎಲ್ಲವನ್ನೂ ಕಲಿಸಿದಳು, ಬೈಗಳ ಸಮೇತ. ಈಗ ನಿಲೋಫರಳಿಗೂ ಕೂದಲು ನರೆಯುತ್ತಿದೆ. ಗಂಡ ಹಜರತಅಲಿ ಹತ್ತಿ ಸಾಗಿಸುವ ಗಾಡಿ ಓಡಿಸುತ್ತಾನೆ. ಅವನ ಮಾತು ಕಡಿಮೆ, ಮನೆಯಲ್ಲಿ ಇನ್ನೊಬ್ಬರ ಮಾತಿಗೆ ಜಾಗವೂ ಕಡಿಮೆ.

ಈ ಮಗ್ಗ ಗೋಡೆಗೆ ಒರಗಿಸಿದ ದೊಡ್ಡ ಚೌಕಟ್ಟಿನಂತೆ ನೆಟ್ಟಗೆ ನಿಂತಿರುತ್ತದೆ. ಎಡದ ಅರ್ಧ ಸೊಸೆಯದು, ಬಲದ ಅರ್ಧ ಅತ್ತೆಯದು. ನಕ್ಷೆ ಕಾಗದದ ಮೇಲೆ ಇರುವುದಿಲ್ಲ, ಹಿರಿಯಳ ತಲೆಯಲ್ಲಿ ಇರುತ್ತದೆ. ಅವಳು “ಹಸಿರು ಮೂರು, ಕೆಂಪು ಎರಡು” ಎಂದು ಕರೆಯುತ್ತಾಳೆ. ಕಿರಿಯಳು “ಹೂಂ” ಎನ್ನುತ್ತಾಳೆ. ಇಬ್ಬರೂ ಒಟ್ಟಿಗೆ ಪಂಜಾ ಹೊಡೆಯುತ್ತಾರೆ. ಒಬ್ಬಳೇ ಕೂತು ಈ ಅಗಲದ ಜಮಖಾನ ನೇಯಲು ಆಗುವುದಿಲ್ಲ. ಅತ್ತೆ ಎದ್ದು ಹೋದರೆ ನಿಲೋಫರಳ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಫಾತಿಮಾಬಿ ಅಂದು ವೈರನ್ನು ಕತ್ತರಿಸಿ, ನವಿಲಿನ ಕಣ್ಣಿನಿಂದ ಹಿರಿದು ತೆಗೆದು, ಸೊಸೆಯ ಮುಂದೆ ಆಡಿಸುತ್ತ ತನ್ನ ತೀರ್ಮಾನ ಹೇಳಿದಳು.

“ಫೋನಿನ ಬಾಯಿ ತಗದಿಟ್ಟರ ನನ್ನ ತಲಿ ತಿಂತೈತಿ. ಕಿವ್ಯಾಗಿನ ಗುಂಡಿ ಹಾಕ್ಕೊಂಡರ ಕಳಚಿ ಬೀಳ್ತಾವ. ಹೋದ ವಾರ ಒಂದು ಬ್ಯಾಳಿಯೊಳಗ ಕುದ್ದು ಹಣ್ಣಾತು. ವೈರ್ ಹಾಕ್ಕೊಂಡರ ಅದನ್ನೂ ನೇಯ್ತಿ. ಕೇಳೋದಾದರ ನೆಟ್ಟಗ ಒಂದು ಸಾಮಾನು ತಗೊ. ಅದರ ಸಪ್ಪಳ ನನಗ ಕೇಳಬಾರದು. ನೇಯ್ಗಿ ತಪ್ಪಬಾರದು. ತಪ್ಪಿತಂದರ ನಾ ಜಾಸ್ಮಿನ್ ಮಗ್ಗದಾಗ ಕುಂಡ್ರತೀನಿ.”

ಜಾಸ್ಮಿನ್ ಫಾತಿಮಾಬಿಯ ಕಿರಿಯ ಸೊಸೆ, ಎದುರು ಸಾಲಿನ ಮನೆ. ಅಲ್ಲಿ ಹೊಸ ಮಗ್ಗ ನಿಂತಿತ್ತು, ಪಕ್ಕಕ್ಕೆ ಕೂಡಲು ಹಿರಿಯರಿರಲಿಲ್ಲ. ಮಾತು ಬೆದರಿಕೆಯಷ್ಟೇ ಅಲ್ಲ ಎಂದು ನಿಲೋಫರಳಿಗೂ ಗೊತ್ತಿತ್ತು. ಆಟ ಬಿಡುತ್ತೇನೆ ಎಂದು ಮಾತ್ರ ಅವಳ ಬಾಯಲ್ಲಿ ಬರಲಿಲ್ಲ. ಅವಳು ನನ್ನ ಕಡೆ ತಿರುಗಿದಳು.

“ಬಾಯಾರ, ನೀವು ಸಪ್ಪಳದ ಶಾಸ್ತ್ರ ಓದಿದವ್ರು. ನಡೀರಿ, ಹುಬ್ಬಳ್ಳಿಗೆ ಹೋಗೂಣು.”

ಹೋದೆವು. ಫಾತಿಮಾಬಿಯೂ ಬಂದಳು, ಅವಳಿಲ್ಲದೆ ಪರೀಕ್ಷೆ ಆಗುವುದಿಲ್ಲವಂತೆ.

ಅಂಗಡಿಯವನು ಮೊದಲು ತೆಗೆದದ್ದು ಹಸಿರು, ನೀಲಿ, ಕೆಂಪು ಬೆಳಕು ಮಿಂಚಿಸುವ ಒಂದು ದೈತ್ಯ.

“ಆಂಟಿ, ಇದು ಹೊಸಾ ಪೀಸ್ ಐತ್ರಿ. ಲೈಟ್ ಬರ್ತಾವ.”

“ಕಿವಿಗೆ ಲೈಟ್ ಯಾಕಪಾ?” ಎಂದಳು ನಿಲೋಫರ್.

“ಒಳಗ ಏನೂ ಇಲ್ಲ ಅಂತ ಮಂದಿಗೆ ಕಾಣ್ಲಿ ಅಂತ,” ಎಂದಳು ಅತ್ತೆ.

ಹೆಡ್‌ಫೋನನ್ನು ಆರಿಸುವಾಗ ಸದ್ದಿನ ಇಂಪು ಕೊನೆಗೆ ನೋಡುವ ಸಂಗತಿ. ಮೊದಲು ನೋಡಬೇಕಾದದ್ದು ಕಿವಿಯ ಬಟ್ಟಲಿನ ಹಿಂಬದಿ. ಕೆಲವಕ್ಕೆ ಹಿಂದೆ ಜಾಲರಿ ಇರುತ್ತದೆ. ಅವು ಮನೆಯಲ್ಲಿ ಒಬ್ಬರೇ ಕೂತು ಕೇಳುವವರಿಗೆ. ಹಿಂಬದಿ ಪೂರಾ ಮುಚ್ಚಿದ್ದರೆ ಒಳಗಿನದು ಹೊರಗೆ ಸೋರುವುದಿಲ್ಲ, ಹೊರಗಿನದು ಒಳಗೆ ನುಗ್ಗುವುದಿಲ್ಲ. ಆಮೇಲೆ ನೋಡಬೇಕಾದದ್ದು ತಲೆಪಟ್ಟಿ ಬಟ್ಟಲನ್ನು ಹಿಡಿದಿರುವ ಕೀಲು. ಎಲ್ಲಾ ಹೆಡ್‌ಫೋನುಗಳೂ ಸಾಯುವುದು ಅಲ್ಲೇ. ಪ್ಲಾಸ್ಟಿಕ್ ಕೀಲಿನ ಆರನ್ನು ನಾನು ಹಿಂದಕ್ಕೆ ಸರಿಸಿದೆ. ಕಿವಿಯ ದಿಂಬು ಬಿಚ್ಚಿ ಬೇರೆ ಹಾಕಲು ಬರುವಂತಿರಬೇಕು, ಯಾಕೆಂದರೆ ನಮ್ಮ ಕಡೆಯ ಬೇಸಿಗೆಯಲ್ಲಿ ರೆಕ್ಸಿನ್ ಎರಡು ವರ್ಷಕ್ಕೆ ಹೊಪ್ಪಳಿಕೆ ಏಳುತ್ತದೆ. ಮಖಮಲ್ಲಿನ ದಿಂಬು ಕೈಗೆ ಮೆತ್ತಗೆ ಹತ್ತಿತು, ಆದರೆ ನಿಲೋಫರ್ ಬೇಡವೆಂದಳು.

“ಹತ್ತಿ ಜುಂಗು ಪೂರಾ ಹಿಡಕೋತೈತ್ರಿ. ನಾಕು ದಿನದಾಗ ಕಿವಿ ಮ್ಯಾಲ ಎರಡು ಕುರಿಮರಿ ಕುಂತಂಗ ಆಕ್ಕಾವ.”

ಸರಿಯಾದ ಮಾತು. ರೆಕ್ಸಿನ್ನಿನದೇ ಇರಲಿ, ಮೇಲೆ ಹತ್ತಿ ಬಟ್ಟೆಯ ಚೀಲ ಹೊಲಿದರಾಯಿತು ಎಂದು ಇಬ್ಬರೂ ಒಪ್ಪಿದೆವು.

ಮುಂದೆ ನಡೆದದ್ದನ್ನು ಆ ಅಂಗಡಿಯವರು ಮರೆತಿರಲಾರರು. ನಿಲೋಫರ್ ಚಪ್ಪಲಿ ಬಿಟ್ಟು ಅಂಗಡಿಯ ನೆಲದ ಮೇಲೆ ಮಗ್ಗದ ಮುಂದೆ ಕೂರುವಂತೆ ಕೂತಳು. ಒಂದು ಹೆಡ್‌ಫೋನ್ ಹಾಕಿ, ಮೇಲೆ ದುಪಟ್ಟಾ ಹೊದ್ದು, ಕತ್ತು ಮೇಲೆತ್ತಿ, ಕತ್ತು ಕೆಳಗಿಳಿಸಿ, ಇಲ್ಲದ ನೂಲನ್ನು ಇಲ್ಲದ ಎಳೆಯಲ್ಲಿ ತೂರಿಸಿ, ಇಲ್ಲದ ಪಂಜಾವನ್ನು ಗಾಳಿಯಲ್ಲಿ ಬಾರಿಸಿದಳು. ಮೊದಲನೆಯದು ಹಣೆಗೆ ಜಾರಿತು. ಎರಡನೆಯದು ಕನ್ನಡಕದ ಕಡ್ಡಿಯನ್ನು ಕಿವಿಗೆ ಒತ್ತಿತು. ಮೂರನೆಯದು ಹಿಡಿದ ಹಿಡಿತಕ್ಕೆ ಅವಳ ದವಡೆಯೇ ಮುಚ್ಚಿಹೋಯಿತು.

“ಅದನ್ನ ಕೊಟ್ಟುಬಿಡಪಾ,” ಎಂದಳು ಫಾತಿಮಾಬಿ. “ಅದು ಕಿವೀದಲ್ಲ, ಬಾಯೀದು. ನಮಗ ಅದ ಬೇಕು.”

ನಾಲ್ಕನೆಯದು ಕಪ್ಪು, ಯಾವ ಮೆರುಗೂ ಇಲ್ಲದ್ದು, ಕೀಲು ಉಕ್ಕಿನದು, ವೈರು ಮಡಿಲಿಗೆ ಬಾರದೆ ಬೆನ್ನ ಹಿಂದೆ ಇಳಿಯುವುದು, ತೂಕ ಒಂದು ದೊಡ್ಡ ಬದನೆಕಾಯಿಯಷ್ಟು. ನಿಲೋಫರ್ ಗಾಳಿಗೆ ಜೋರಾಗಿ ಬಾರಿಸಿದಳು, ಅದು ಅಲುಗಲಿಲ್ಲ. ಮುಖ ಅರಳಿತು. ಫಾತಿಮಾಬಿ ಹಿಂದೆ ನಿಂತು ತನ್ನ ಪರೀಕ್ಷೆ ಶುರುಮಾಡಿದಳು.

“ಹಸಿರು ಮೂರು!”

ನಿಲೋಫರ್ ಸುಮ್ಮನೆ ನಗುತ್ತ ಕೂತಿದ್ದಳು.

“ಕೆಂಪು ಎರಡು! ಬಿಳಿ ಒಂದು! ಮತ್ತ ಹಸಿರು ಐದು! ಏ ನೀಲೂ!”

ಗಿರಾಕಿಗಳೆಲ್ಲ ತಿರುಗಿ ನೋಡಿದರು. ಫಾತಿಮಾಬಿ ಫಕ್ಕನೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಯಾ ಅಲ್ಲಾ! ಹೊಟ್ಟಿಲೆ ಹುಟ್ಟಿದ ಮಗಳಿಗೂ ಹೇಳದ ನವಿಲನ್ನ ಹುಬ್ಬಳ್ಳಿ ಮಂದಿ ಮುಂದ ಒದರಿಬಿಟ್ನೆಲ್ಲ!” ಆಮೇಲೆ ಕೇಳಿದವರಿಗೆ ದಾರಿ ತಪ್ಪಲಿ ಎಂದು ಇನ್ನೂ ಗಟ್ಟಿಯಾಗಿ, “ಹಳದಿ ಹದಿನೇಳು! ನೀಲಿ ನಲವತ್ತು!” ಎಂದು ಸುಳ್ಳು ಲೆಕ್ಕ ಕೂಗಿದಳು. ಒಬ್ಬ ಗಿರಾಕಿ ಅವಳ ಕೂಗನ್ನು ಸೀರೆ ಹರಾಜೆಂದು ತಿಳಿದು ಬಾಗಿಲಲ್ಲಿ ನಿಂತ.

ಗೋಡೆ ಎರಡೂ ಕಡೆಗೆ ಗೋಡೆಯೇ ಎಂದು ನಾನು ಫಾತಿಮಾಬಿಗೆ ತಿಳಿಸಿದೆ. ಸೊಸೆಯ ಆಟ ನಿಮಗೆ ಕೇಳಬಾರದು ಅಂದರೆ ನಿಮ್ಮ ಕರೆಯೂ ಅವಳಿಗೆ ಕೇಳುವುದಿಲ್ಲ. ಆಕೆಗೆ ಇನ್ನೊಂದು ದಾರಿ ಹೊಳೆಯಿತು.

“ನವಿಲು ಅಕಿಗೂ ಗೊತ್ತೈತಿ. ನಾ ಕರಿಯೂದು ರಿವಾಜು. ಕರಿಯೂದು ಬ್ಯಾಡ. ಬಣ್ಣ ಬದಲಾಗೋ ಕಡೆ ಮೊಣಕಾಲಿಲೆ ತಿವಿತೀನಿ.”

“ಜೋರ ತಿವೀಬ್ಯಾಡ್ರಿ ಮತ್ತ,” ಎಂದಳು ನಿಲೋಫರ್, ಹೆಡ್‌ಫೋನ್ ತೆಗೆಯದೆಯೇ. ತುಟಿ ನೋಡಿ ಅರ್ಥಮಾಡಿಕೊಂಡಿದ್ದಳು.

ಬಸ್ಸಿನಲ್ಲಿ ನವಲಗುಂದದ ತನಕ ಅವಳು ಅದನ್ನು ತಲೆಯಿಂದ ಇಳಿಸಲಿಲ್ಲ. ಪಕ್ಕದ ಸೀಟಿನ ಹೆಣ್ಣುಮಗಳು ಪಾಪ, ಯಾವ ಡಾಕ್ಟರ್ ಹಾಕಿದ್ದು ಎಂದು ನನ್ನನ್ನು ಕೇಳಿದಳು.

ಆಗ ಕಡಲೆ ರಾಶಿ ಮುಗಿಯುತ್ತಿದ್ದ ಕಾಲ. ಹೊಲಗಳು ಖಾಲಿಯಾದ ಕೂಡಲೇ ನಮ್ಮ ಕಡೆ ಟೆನಿಸ್ ಚೆಂಡಿನ ಕ್ರಿಕೆಟ್ ಶುರುವಾಗುತ್ತದೆ. ಊರಿಗೊಂದು ತಂಡ, ತಂಡಕ್ಕೊಂದು ಬಣ್ಣದ ಅಂಗಿ. ಈಚೆಗೆ ಫೋನಿನಲ್ಲಿ ನೇರಪ್ರಸಾರವೂ ಇದೆ. ಕಾಮೆಂಟರಿ ಹೇಳುವವನು ನಮ್ಮ ಓಣಿಯ ಸರ್ಫರಾಜ್. ಉಳಿದ ದಿನ ಬಸ್ ಕಂಡಕ್ಟರ್. ಪಂದ್ಯದ ದಿನಗಳಲ್ಲಿ ರಜೆ ಹಾಕಿ ಮೈಕ್ ಹಿಡಿಯುತ್ತಾನೆ. ನಿಲೋಫರ್ ಒಮ್ಮೆ ಆ ಹೆಡ್‌ಫೋನನ್ನು ನನ್ನ ತಲೆಗೂ ಇಟ್ಟಳು.

“ಬಂತು ಬಂತು ಬಂತು… ಹೊಡದಾ! ಹೋತು! ಎಲ್ಲಿ ಹೋತು? ಕಡ್ಲಿ ರಾಶಿ ಮ್ಯಾಲ ಹೋತು! ರಾಶಿ ಯಾರದ್ರಿ? ಯಾರದರ ಇರ್ಲಿ, ಆರು ರನ್ನು!”

ಹಿಂದೆ ಚಹಾ ಮಾರುವವನ ಕೂಗು, ಒಂದು ಎಮ್ಮೆ, ಮೈದಾನದ ಬದಿಯ ರಸ್ತೆಯಲ್ಲಿ ಟ್ರ್ಯಾಕ್ಟರ್. ಎಲ್ಲವೂ ಬೇರೆ ಬೇರೆಯಾಗಿ, ಬೇರೆ ಬೇರೆ ದೂರದಲ್ಲಿ ಕೇಳಿದವು. ಹಳೆಯ ಗುಂಡಿಗಳಲ್ಲಿ ಅವೆಲ್ಲ ಒಂದೇ ಗೊರಗೊರ ಆಗಿರುತ್ತಿದ್ದವು.

“ಕೇಳಿದ್ರೇನ್ರಿ ಬಾಯಾರ? ಬ್ಯಾಟಿಗೆ ಚೆಂಡು ತುದಿಗೆ ತಾಗಿದ್ದೂ ಗೊತ್ತಾಕ್ಕೈತಿ, ನಡು ತಾಗಿದ್ದೂ ಗೊತ್ತಾಕ್ಕೈತಿ! ಎಮ್ಮಿ ಯಾವ ಕಡೆ ನಿಂತೈತಿ ಅದೂ ಗೊತ್ತಾಕ್ಕೈತಿ!”

ಆ ದಿನಗಳಲ್ಲಿ ಅವಳ ಸಂತೋಷಕ್ಕೆ ಕಡಿವಾಣವಿರಲಿಲ್ಲ. ಹಲಗೆಯ ಮೇಲೆ ಕೂತಲ್ಲೇ ಕುಣಿಯುವಳು. ತನಗೆ ಕೇಳದ ಕಾರಣ ಓಣಿಗೆಲ್ಲ ಕೇಳುವಂತೆ ಮಾತಾಡುವಳು, ಗಂಡ ಊಟಕ್ಕೆ ಬಂದರೆ “ಅನ್ನ ಐತಿ, ಸಾರು ಐತಿ, ಎರಡು ವಿಕೆಟ್ ಹೋಗ್ಯಾವ!” ಎಂದು ಕಿರುಚುವಳು. ಫಾತಿಮಾಬಿಗೆ ಬೈಯುವ ಅವಕಾಶ ಹೊಸದಾಗಿ ಸಿಕ್ಕಿತು. ಎಷ್ಟು ಬೈದರೂ ಸೊಸೆಗೆ ಕೇಳುತ್ತಿರಲಿಲ್ಲವಾದ್ದರಿಂದ ಹಳೆಯ ಬಾಕಿಯನ್ನೆಲ್ಲ ಹಾಯಾಗಿ, ತಿವಿಯುವ ಮೊಣಕಾಲಿನ ತಾಳಕ್ಕೆ ಹೇಳಿ ಮುಗಿಸುತ್ತಿದ್ದಳು. ಇಬ್ಬರೂ ಇಷ್ಟು ಖುಷಿಯಾಗಿ ಇದ್ದುದನ್ನು ನಾನು ಕಂಡಿರಲಿಲ್ಲ.

ಮಗ್ಗದಲ್ಲಿ ಆಗ ಬೇಡಿಕೆಯ ಮೇಲೆ ನೇಯುತ್ತಿದ್ದ ದೊಡ್ಡ ಜಮಖಾನ ಇತ್ತು. ನಡುವೆ ಎದುರುಬದುರು ನಿಂತ ಎರಡು ನವಿಲು: ಒಂದು ಸೊಸೆಯ ಪಾಲಿಗೆ, ಒಂದು ಅತ್ತೆಯ ಪಾಲಿಗೆ. ಸೆಮಿಫೈನಲ್ ದಿನ ಮಿಶ್ರಿಕೋಟಿಗೂ ಅಣ್ಣಿಗೇರಿಗೂ ಪಂದ್ಯ. ಅಣ್ಣಿಗೇರಿ ತವರು. ಬೆಳಗಿನಿಂದ ಗೋಡೆಯಾಚೆ ಪಂಜಾ ಸದ್ದು ಒಂದೇ ಸಮ ಇರಲಿಲ್ಲ. ನಾನು ಗಮನಿಸಿದೆ, ಆದರೆ ಕಾರಣ ಯೋಚಿಸಲಿಲ್ಲ.

ನೇಯುವವರ ಮೂಗಿನ ಮುಂದೆ ಒಂದು ಗೇಣು ಬಟ್ಟೆ ಮಾತ್ರ ಇರುತ್ತದೆ. ಪೂರಾ ನೋಡಬೇಕಾದರೆ ಎದ್ದು ಹಿಂದೆ ಸರಿಯಬೇಕು. ಸಂಜೆ ಅಣ್ಣಿಗೇರಿ ಗೆದ್ದಿತು. ನಿಲೋಫರ್ ಹಲಗೆಯಿಂದ ಹಾರಿ ಇಳಿದು, ನನ್ನನ್ನು ಕರೆದು ತಂದು, ಎಲ್ಲರಿಗೂ ಚಹಾ ಇಡಲು ಹೊರಟಳು. ಫಾತಿಮಾಬಿ ಸೊಂಟ ಹಿಡಿದುಕೊಂಡು ಎದ್ದು ಹಿಂದೆ ಸರಿದು ನೋಡಿದಳು.

ಬಲಗಡೆ ಅತ್ತೆಯ ನವಿಲು ಕೊರಳೆತ್ತಿ ನಿಂತಿತ್ತು. ಎಡಗಡೆ ಸೊಸೆಯ ನವಿಲು ಮೊಟ್ಟೆ ಇಡಲು ಕೂತ ಕೋಳಿಯಾಗಿತ್ತು.

ಕಾರಣ ಸರಳ. ಎಳೆಗಳ ಲೆಕ್ಕ ಒಂದೂ ತಪ್ಪಿರಲಿಲ್ಲ. ಏಟು ತಪ್ಪಿತ್ತು. ಮೊದಲು ಕರೆ ಇತ್ತು, “ಹೂಂ” ಇತ್ತು, ಅದರ ಹಿಂದೆಯೇ ಇಬ್ಬರ ಏಟೂ ಒಂದೇ ಬಲದಲ್ಲಿ ಬೀಳುತ್ತಿತ್ತು. ಕಿವಿ ಮುಚ್ಚಿದ ಮೇಲೆ ನಿಲೋಫರಳ ಕೈಗೆ ಬೇರೆ ಯಜಮಾನ ಸಿಕ್ಕಿದ್ದ. ಸರ್ಫರಾಜನ ದನಿ ಏರಿದಷ್ಟೂ ಅವಳು ಜಡಿದಿದ್ದಳು. ಜಡಿದಷ್ಟೂ ಸಾಲು ಕುಸಿದು, ನವಿಲು ಕುಳ್ಳಗಾಗಿತ್ತು. ಜಮಖಾನದ ಮೇಲಂಚು ಎಡಕ್ಕೆ ಇಳಿಜಾರಾಗಿ, ಚೆಂಡಿಟ್ಟರೆ ಉರುಳುವಂತಿತ್ತು.

“ಇದೇನಿದು?” ಎಂದಳು ಫಾತಿಮಾಬಿ ಕೊನೆಗೆ.

“ನವಿಲ್ರಿ,” ಎಂದಳು ನಿಲೋಫರ್, ಸಣ್ಣ ದನಿಯಲ್ಲಿ.

“ಪುಕ್ಕ ಕಿತ್ತು ಸಾರಿಗೆ ಹಾಕು ಹಂಗಾರ.”

ನಿಲೋಫರಳಿಗೆ ನಗು ಬಂತು. ಬರಬಾರದಿತ್ತು. ಅತ್ತೆ ತನ್ನ ಪಂಜಾವನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಿಗೆ ಇಟ್ಟಳು. “ಬಿಚ್ಚೂದಕ್ಕ ನನ್ನ ಕೈನೂ ಬೇಕು, ನಾಳೆ ಬಂದು ಬಿಚ್ಚಿ ಕೊಡ್ತೀನಿ. ಮುಂದ ಜಾಸ್ಮಿನ್ ಕಡೆ ಕುಂಡ್ರಾಕಿ. ನೀ ನಿನ್ನ ಡಬ್ಬಿ ಕೇಳಕೋತ ಕುಂಡ್ರು.” ಹೇಳಿ ಎದುರು ಮನೆಗೆ ನಡೆದೇಬಿಟ್ಟಳು. ಓಣಿಯ ಬಾಗಿಲುಗಳಲ್ಲಿ ಮುಖಗಳು ಮೂಡಿದವು.

ನಿಲೋಫರ್ ಹೆಡ್‌ಫೋನನ್ನು ನನ್ನ ಕೈಗೆ ಕೊಟ್ಟಳು. “ನೀವ ಇಟಗೊರಿ ಬಾಯಾರ. ಫೈನಲ್ ಐತಿ. ಇದು ಮನ್ಯಾಗಿದ್ದರ ನನ್ನ ಕೈ ಸುಮ್ಮ ಇರೂದಿಲ್ಲ. ನನಗ ಆಟ ಮುಂದಿನ ವರ್ಷನೂ ಸಿಗತೈತಿ. ಅತ್ತಿ ಸಿಗೂದಿಲ್ಲ.” ನಾನು ತೆಗೆದುಕೊಂಡೆ.

ಮರುದಿನ ಬೆಳಿಗ್ಗೆ ಫಾತಿಮಾಬಿ ಹೇಳಿದಂತೆ ಬಂದಳು. ಬಿಚ್ಚುವ ಕೆಲಸಕ್ಕೆ ಲೆಕ್ಕ ಬೇಡ, ಕಣ್ಣು ಬೇಡ, ತಾಳ್ಮೆ ಬೇಕು. ಅತ್ತೆಯ ಪಾಲಿನ ಸಾಲುಗಳು ಸಲೀಸಾಗಿ ಬಂದವು. ಸೊಸೆಯ ಪಾಲಿನವು ಬರಲೇ ಇಲ್ಲ. ದಬ್ಬಳ ಹಾಕಿ ಎಬ್ಬಿಸಬೇಕಾಯಿತು. ಫಾತಿಮಾಬಿ ತನ್ನದನ್ನು ಬಿಟ್ಟು ಎಡಕ್ಕೆ ಸರಿದು ಕೈಹಾಕಿದಳು. ನಾನು ನೂಲು ಸುತ್ತಿಕೊಡಲು ಕೂತಿದ್ದೆ.

“ಅಬಾಬಾ, ಏನ್ ಜಡದೀಯಲೇ ಇಲ್ಲೆ! ಯಾರ ಮ್ಯಾಲಿನ ಸಿಟ್ಟು?”

“ಸಿಟ್ಟಲ್ರಿ. ಅದು ಗೆದ್ದ ಸಾಲು.”

ಫಾತಿಮಾಬಿ ಕೆಳಗಿನ ಸಾಲಿಗೆ ದಬ್ಬಳ ಹಾಕಿದಳು.

“ಇದು?”

“ಅದು ಕಡೀ ಓವರ್. ನಮ್ಮವ ಒಬ್ಬ ರನ್ ಔಟ್ ಆದಾ.”

ಸಾಲು ಬಿಚ್ಚಿ ಬಂತು. ನಿಲೋಫರ್ ನೂಲು ಎಳೆಯುತ್ತ, “ಈಗ ಹೊಳ್ಳಿ ಬಂದ ನೋಡ್ರಿ,” ಎಂದಳು.

“ಔಟ್ ಆದಾವ ಹೆಂಗ ಬರ್ತಾನ?”

“ನಾವು ಬಿಚ್ಚಾಕತ್ತೀವಲ್ರಿ ಅತ್ತೀ. ಹಿಂದ ಹೊಂಟೈತಿ ಆಟ.”

ಫಾತಿಮಾಬಿಯ ಕೈ ನಿಂತಿತು. ಈ ವಿಷಯ ಅವಳ ತಲೆಗೆ ಇಳಿಯುವುದನ್ನು ನಾನು ಮುಖದ ಮೇಲೆ ಕಂಡೆ. “ಹಂಗಾರ ಪಾಪ ಅವ ಬದುಕಿದಾ. ಛಲೋ ಆತು. ಬಿಚ್ಚು, ಬಿಚ್ಚು. ಇನ್ನೂ ಯಾರ್ಯಾರು ಔಟ್ ಆಗ್ಯಾರ?”

ಅಲ್ಲಿಂದ ಮುಂದೆ ಪಂದ್ಯ ಹಿಮ್ಮುಖವಾಗಿ ಓಡಿತು. ಸಿಕ್ಸರ್ ಹೋಗಿದ್ದ ಚೆಂಡುಗಳು ಕಡಲೆ ರಾಶಿಯಿಂದ ಎದ್ದು ಬ್ಯಾಟಿಗೆ ಮರಳಿದವು. ಕಣ್ಣೀರು ಹಾಕಿ ಹೋಗಿದ್ದವರು ನಗುತ್ತ ಬಂದು ನಿಂತರು. ಅತ್ಯಂತ ಬಿಗಿಯಾದ ಒಂದು ಸಾಲಿಗೆ ಬಂದಾಗ ದಬ್ಬಳವೇ ಬಾಗಿತು. ಫಾತಿಮಾಬಿ ಹೆಬ್ಬೆರಳಿನಿಂದ ಸವರಿ ನೋಡಿದಳು.

“ಇಲ್ಲೇನಾತು ಬೇ ಅಂಥಾದ್ದು?”

“ಇಲ್ಲೇನ್ರಿ… ಮಿಶ್ರಿಕೋಟಿಯವ ಒಂದ ಓವರಿನ್ಯಾಗ ಮೂರು ಮಂದೀನ್ನ ಸಾಲಕ ಸಾಲ ತಗದಾ. ನನ್ನ ಉಸುರ ನಿಂತಿತ್ತು.”

“ಮೂರು ಮಂದಿ! ನಾ ಬಾಜೂಕ್ಕ ಕುಂತು ಬೈಕೋತ ಬಿಳಿ ನೂಲು ಹಾಕಾಕತ್ತಿದ್ದೆ. ಹೇಳಬಾರದ?” ಎಂದು ಫಾತಿಮಾಬಿ ನಿಜವಾಗಿಯೂ ಸಿಟ್ಟಿನಿಂದ ಕೇಳಿದಳು. “ಎಲ್ಲಾ ಒಬ್ಬಾಕೇ ಕೇಳತಿ!”

ನವಿಲಿನ ಕಾಲಿನ ತನಕ ಬಿಚ್ಚಿದರು. ಪಂದ್ಯ ಟಾಸಿಗೆ ಬಂದು ನಿಂತಿತು. ಫಾತಿಮಾಬಿ ಕೈಗೆ ಹತ್ತಿದ ಜುಂಗನ್ನು ಝಾಡಿಸಿಕೊಂಡಳು.

“ಫೈನಲ್ ಯಾರ ಜೋಡಿ?”

“ಅಣ್ಣಿಗೇರಿ, ಯಮನೂರ್ರಿ.”

“ಯಮನೂರು?” ಆಕೆ ಹುಟ್ಟಿ ಬೆಳೆದದ್ದು ಅಲ್ಲಿ, ದರ್ಗಾದ ಹಿಂದಿನ ಮನೆಯಲ್ಲಿ. ಇಷ್ಟು ದಿನ ಯಮನೂರಿನ ಹುಡುಗರು ಆಡುತ್ತಿದ್ದದ್ದೇ ಅವಳಿಗೆ ಗೊತ್ತಿರಲಿಲ್ಲ. “ನಮ್ಮೂರು ಫೈನಲ್‌ಗೆ ಬಂದೈತಿ, ನನ್ನ ಸೊಸಿ ನನಗ ಹೇಳಿಲ್ಲ.” ಆಮೇಲೆ ನನ್ನ ಕಡೆ ತಿರುಗಿ, “ಬಾಯಾರ, ಆ ಡಬ್ಬಿ ತರ್ರಿ. ನನಗೂ ಒಂದು ತರಸ್ರಿ. ಅಕಿ ಜೋರ ಹೊಡದರ ನಾನೂ ಜೋರ ಹೊಡೀತೀನಿ. ಕೋಳಿ ಆಗೂದಿದ್ದರ ಎರಡೂ ಕೋಳಿ ಆಗ್ಲಿ.”

“ಜಾಸ್ಮಿನ್?” ಎಂದು ನಿಲೋಫರ್ ಕೇಳಿದಳು.

“ಫೈನಲ್ ಆಗ್ಲಿ. ನೋಡೂಣು, ನೇಯ್ಗಿ ಹೆಂಗ ಬರತೈತಿ.”

ಹಜರತಅಲಿ ಹುಬ್ಬಳ್ಳಿಯಿಂದ ಅದೇ ನಮೂನೆಯ ಇನ್ನೊಂದನ್ನು ತಂದ. ಪಂದ್ಯದ ಬೆಳಿಗ್ಗೆ ಇಬ್ಬರೂ ತಮ್ಮ ತಮ್ಮ ಫೋನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮುಚ್ಚಳಗಳನ್ನು ಕಿವಿಗೆ ಹಾಕಿ, ಗಂಭೀರವಾಗಿ ಹಲಗೆ ಏರಿದರು. ಮೊದಲ ಓವರಿನಲ್ಲೇ ಕೆಟ್ಟಿತು. ನಿಲೋಫರ್ “ಹೋತು!” ಎಂದು ಜಡಿದಳು.

“ಏನ್ ಹೋತು? ಇನ್ನಾ ಓಡಿ ಬರಾಕತ್ತಾನ!” ಎಂದಳು ಫಾತಿಮಾಬಿ, ಸೊಸೆಯ ತುಟಿ ನೋಡಿ. ಸ್ವಲ್ಪ ಹೊತ್ತಾದ ಮೇಲೆ, ಸೊಸೆ ಮುಂದಿನ ಸಾಲಿಗೆ ಹೋದಾಗ, ಅತ್ತೆ “ಯಾ ಅಲ್ಲಾ, ಹೋತು!” ಎಂದು ಜಡಿದಳು.

ನೇರಪ್ರಸಾರ ಎರಡು ಫೋನಿಗೆ ಒಂದೇ ಗಳಿಗೆಗೆ ಬರುವುದಿಲ್ಲ. ಹೀಗೇ ಬಿಟ್ಟರೆ ಒಂದು ನವಿಲು ಇನ್ನೊಂದರ ಹಿಂದೆ ಓಡುತ್ತಿತ್ತು. ಒಂದು ಫೋನನ್ನು ನಾನು ಕಸಿದುಕೊಂಡು, ಇನ್ನೊಂದಕ್ಕೆ ಕವಲು ವೈರು ಹಾಕಿ, ಎರಡೂ ಹೆಡ್‌ಫೋನುಗಳ ವೈರನ್ನು ಅವರ ಬೆನ್ನ ಹಿಂದೆ ಇಳಿಬಿಟ್ಟು ಹಲಗೆಗೆ ಕಟ್ಟಿದೆ. ಅಲ್ಲಿಂದ ಮುಂದೆ ಇಬ್ಬರಿಗೂ ಒಂದೇ ಚೆಂಡು ಒಂದೇ ಗಳಿಗೆಗೆ ಬಂತು.

ನನಗಿದ್ದ ಸಂಶಯ ಬೇರೆ. ಅವರು ಎದುರಾಳಿ ಊರುಗಳವರು. ಒಬ್ಬಳ ಸಂಭ್ರಮ ಇನ್ನೊಬ್ಬಳ ಸಂಕಟ. ಏಟು ಒಂದಾಗುವುದು ಹೇಗೆ? ಆದರೆ ಆಯಿತು. ಯಮನೂರಿನವನು ಸಿಕ್ಸರ್ ಎತ್ತಿದಾಗ ಅತ್ತೆ ಹಿಗ್ಗಿ ಜಡಿದಳು, ಸೊಸೆ ಸಿಟ್ಟಿನಿಂದ ಜಡಿದಳು. ಗೋಡೆ ಅದುರಿತು. ಗಣಿತದಲ್ಲಿ ಧನ, ಋಣ ಸಂಖ್ಯೆಗಳಿದ್ದಂತೆ: ಚಿಹ್ನೆ ಬೇರೆ, ವರ್ಗ ಮಾಡಿದರೆ ಒಂದೇ. ಸಾಲು ನೂಲು ಹಿಡಿದಂತೆ ನೇರವಾಗಿ ಬಂತು.

ನೋಡಲು ಓಣಿಯ ಹೆಂಗಸರು ಬಾಗಿಲಲ್ಲಿ ತುಂಬಿದರು. ಅವರಿಗೆ ಆಟ ಕೇಳುತ್ತಿರಲಿಲ್ಲ, ಈ ಇಬ್ಬರ ಬಾಯಿ ಮಾತ್ರ ಕೇಳುತ್ತಿತ್ತು.

“ನಿಮ್ಮವಗ ಕಣ್ಣ ಕಾಣಂಗಿಲ್ಲ ಅತ್ತೀ!”

“ನಿಮ್ಮವಗ ಚೆಂಡ ಕಾಣಂಗಿಲ್ಲ! ಬಿಳಿ ಹಾಕು, ಬಿಳಿ!”

“ಹಾಕೀನ್ರಿ! ಓಡೋ ಓಡೋ ಓಡೋ…”

“ಹಿಡೀಬ್ಯಾಡೋ ನನ್ನಪ್ಪಾ, ಬಿಡೋ ಅದನ್ನ, ಬಿಡೋ!”

ಜಾಸ್ಮಿನ್ ಬಾಗಿಲಲ್ಲಿ ನಿಂತು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. ಕೊನೆಯ ಚೆಂಡಿಗೆ ಯಮನೂರಿಗೆ ಎರಡು ರನ್ ಬೇಕಿತ್ತು. ಇಬ್ಬರ ಪಂಜಾಗಳೂ ಗಾಳಿಯಲ್ಲಿ ಎತ್ತಿದಲ್ಲೇ ನಿಂತವು. ಆಮೇಲೆ ಒಟ್ಟಿಗೆ ಬಿದ್ದ ಏಟಿಗೆ ನಮ್ಮ ಮನೆಯ ಗೋಡೆಯ ಗಡಿಯಾರ ಕೆಳಗೆ ಬಂತು. ಎರಡನೆಯ ರನ್ನಿಗೆ ಓಡಿದವನನ್ನು ಔಟ್ ಕೊಟ್ಟಿದ್ದರು. ರನ್ ಸಮವಾದರೆ ಕಡಿಮೆ ವಿಕೆಟ್ ಹೋದವರದು ಗೆಲುವು ಎಂಬ ನಿಯಮದಲ್ಲಿ ಅಣ್ಣಿಗೇರಿ ಗೆದ್ದಿತ್ತು.

ಫಾತಿಮಾಬಿ ಹೆಡ್‌ಫೋನ್ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ನಿಲೋಫರ್ ಅಂದು ಕುಣಿಯಲಿಲ್ಲ. ಅತ್ತೆಯ ಮುಖವನ್ನೇ ನೋಡುತ್ತ ಕೂತಳು. ಫಾತಿಮಾಬಿ ನಿಧಾನ ಎದ್ದು, ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ಜಮಖಾನ ನೋಡಿದಳು. ನವಿಲುಗಳು ಎರಡೂ ಸಮ ಎತ್ತರ, ಎರಡೂ ಗುಂಡಗೆ, ಒಂದೇ ತಾಯಿಯ ಮಕ್ಕಳಂತೆ.

“ಉಂಡುಟ್ಟು ಸುಖವಾಗಿದ್ದ ನವಿಲು,” ಎಂದಳು. “ಇರ್ಲಿ.” ಅಷ್ಟೇ. ಪಂಜಾವನ್ನು ಬಟ್ಟೆಯಲ್ಲಿ ಸುತ್ತಲಿಲ್ಲ, ಹಲಗೆಯ ಮೇಲೆಯೇ ಬಿಟ್ಟು ಕೈತೊಳೆಯಲು ಹೋದಳು. ನಿಲೋಫರ್ ಆಗ ಕುಣಿದಳು.

ಮರುದಿನ ಬೆಳಿಗ್ಗೆ ನಾನು ಹಾಲಿಗೆ ಹೊರಬಂದಾಗ ಓಣಿಯ ಬಾಯಲ್ಲಿ ಸರ್ಫರಾಜ್ ಖಾಕಿ ಅಂಗಿ ಹಾಕಿಕೊಂಡು ಡ್ಯೂಟಿಗೆ ಹೊರಟಿದ್ದ. ಫಾತಿಮಾಬಿ ಅವನ ಚೀಲ ಹಿಡಿದು ನಿಲ್ಲಿಸಿದ್ದಳು.

“ಏನೋ ಸರ್ಫರಾಜ್, ಅವ ಗೆರಿ ಮುಟ್ಟಿದ್ದ. ಬ್ಯಾಟು ನೆಲಕ್ಕ ತಾಗಿದ ಸಪ್ಪಳ ನಾ ಈ ಕಿವೀಲೆ ಕೇಳೀನಿ. ಆಮ್ಯಾಲ ಸ್ಟಂಪಿನ ಮ್ಯಾಲಿನ ಗಿಲ್ಲಿ ಬಿದ್ದದ್ದು.”

“ಅಮ್ಮಾ, ನಾ ಅಂಪೈರ್ ಅಲ್ರಿ, ಬರೇ ಹೇಳಾಂವ…”

“ಹೇಳಾವಗ ಕಣ್ಣ ಇರ್ತಾವೋ ಇಲ್ಲೋ?”

“ಬಸ್ ಬಿಡಬೇಕ್ರಿ ಅಮ್ಮಾ!”

ಮನೆಯ ಬಾಗಿಲಲ್ಲಿ ನಿಲೋಫರ್ ನೂಲಿನ ಬುಟ್ಟಿ ಹಿಡಿದು ನಿಂತಿದ್ದಳು.

“ಅತ್ತೀ, ಬರ್ರಿ! ಬಿಸಿಲು ಏರಾಕತ್ತೈತಿ, ಒಬ್ಬಾಕಿ ಹೆಂಗ ಶುರು ಮಾಡ್ಲಿ?”

“ತಡಿಯಲೇ, ಬಂದೆ,” ಎಂದಳು ಫಾತಿಮಾಬಿ, ಚೀಲ ಬಿಡದೆ. “ಮೊದಲ ಇವನ್ನ ಔಟ್ ಮಾಡಿ ಬರ್ತೀನಿ.”